ಪಟ್ಟೆಗೆ ಬಟ್ಟೆ

“ಬಾಲಕ್ಕೆ ಈಟಿ ಬಂತು. ಉಗುರಿಗೆ ಕತ್ತಿ ಬಂತು. ದನಿಗೆ ಜಾಗಟೆ ಬಂತು.” ಸತ್ತ ಹುಲಿಗೆ ಊರು ತೆರುವ ದಂಡವೆಂದು ಅದರ ಮುಂದಿಟ್ಟಿದ್ದ ಒಂದೊಂದನ್ನೂ ಮುದುಕ ಜಮ್ಹೂರ್ ಮುಟ್ಟಿ ಹೇಳಿದ. “ಪಟ್ಟೆಗೆ ಬಟ್ಟೆ ಬಂದಿಲ್ಲ. ಅದನ್ನ ಊರು ಕೊಡೋ ಹಾಗಿಲ್ಲ. ಯಾರ ಉರುಳಿಗೆ ಈ ಹಿರಿಯಮ್ಮ ಬಿದ್ದಳೋ ಆ ಮನೆಯಿಂದಲೇ ಬರಬೇಕು.”

ಮಸೀದಿಯ ಪಕ್ಕದ ಬಯಲಲ್ಲಿ ಊರೆಲ್ಲ ಸೇರಿತ್ತು. ಕೆರಿಂಚಿ ಬೆಟ್ಟದ ಮಂಜು ದಾಲ್ಚಿನ್ನಿ ಮರಗಳನ್ನು ಬಿಟ್ಟು ಮೇಲೇಳುತ್ತಿತ್ತು. ಹುಲಿಯ ಮುಂಗಾಲಲ್ಲಿ ಮೋಟಾರ್‌ಸೈಕಲ್ಲಿನ ಬ್ರೇಕ್ ತಂತಿ ಮೂಳೆಯವರೆಗೆ ಇಳಿದಿತ್ತು. ಹಂದಿ ಬೀಳಲೆಂದು ಅದನ್ನು ಗೆಣಸಿನ ಹೊಲದಂಚಿಗೆ ಕಟ್ಟಿದ್ದ ಸಫ್ರಿಲ್, ಗುಂಪಿನ ಹಿಂದೆ ಕೈಕಟ್ಟಿ ನಿಂತಿದ್ದ. ವಿಷಯ ಗೊತ್ತಿದ್ದವಳು ಹೆಂಡತಿ ಯುಸ್ನಾನಿ ಒಬ್ಬಳೇ.

“ಈ ಇಳಿಜಾರಲ್ಲಿ ಉಳಿದಿದ್ದೇ ಎರಡು ಹೆಣ್ಣು ಹುಲಿ,” ಎಂದ ಅರಣ್ಯಾಧಿಕಾರಿ. “ಕಟ್ಟಿದವನು ಸಿಕ್ಕಿದರೆ ಜೈಲೇ. ಬೇಗ ಮುಗಿಸಿ ಅಜ್ಜ, ಹೆಣ ಒಯ್ಯಬೇಕು.”

ಪಕ್ಕದ ಹೊಲದ ಬುರ್ಹಾನ್ ಸಫ್ರಿಲನ ಪಕ್ಕೆ ತಿವಿದ. “ಹಂದಿಗಳಿಗೆ ಇವತ್ತು ಹಬ್ಬ ಬಿಡಯ್ಯ. ಪುಕ್ಕಟೆ ಕಾವಲಿನವಳು ಹೋದಳು. ಇನ್ನು ಹೊಲದಲ್ಲಿ ನೀನೇ ಗರ್ಜಿಸಬೇಕು.”

ಸಫ್ರಿಲ್ ನಗಲಿಲ್ಲ.

“ಬಟ್ಟೆ ಕೊಡದೇ ಕಳಿಸಿದರೆ ಏನಾಗುತ್ತೆ ಅಜ್ಜ?” ಯಾರೋ ಕೇಳಿದರು.

“ನಾನು ಹಿಂದಿನ ಸಲ ಇದನ್ನ ಮಾಡಿದಾಗ ಮೀಸೆ ಬಂದಿರಲಿಲ್ಲ. ಆಗ ಹಿರಿಯಮ್ಮನ ಕಡೆಯವರು ಬಂದು ಕೇಳ್ತಾರೆ ಅಂತ ಹೆದರಿಕೆ ಇತ್ತು.” ಮುದುಕ ಕಾಡಿನ ಕಡೆ ನೋಡಿದ. “ಈಗ ಕೇಳೋಕೆ ಯಾರಿದಾರೆ?”

ಈ ಊರಲ್ಲಿ ಮನೆ ಹೆಂಗಸಿನದು. ಸಫ್ರಿಲ್ ಅಲ್ಲಿಗೆ ಬಂದು ಸೇರಿದ ಅಳಿಯ. ಬಾಯಿ ಬಿಟ್ಟರೆ ಜೈಲು ತನಗೆ, ಕಳಂಕ ಯುಸ್ನಾನಿಯ ತಾಯಿಯ ಮನೆಗೆ. ಸುಮ್ಮನಿದ್ದರೆ ಸಂಜೆಯೊಳಗೆ ಎಲ್ಲ ಮುಗಿದುಹೋಗುತ್ತದೆ. ಅವನು ಹೆಂಡತಿಗಾಗಿ ತಿರುಗಿ ನೋಡಿದ. ಅವಳು ನಿಂತಿದ್ದ ಜಾಗ ಖಾಲಿಯಾಗಿತ್ತು.

ಸ್ವಲ್ಪ ಹೊತ್ತಿಗೆ ಜನ ದಾರಿ ಬಿಟ್ಟರು. ಯುಸ್ನಾನಿಯ ತೋಳಮೇಲೆ ಮದುವೆಯ ಕೆಂಪು ಜರಿಬಟ್ಟೆಯಿತ್ತು. ಅವಳು ಅದನ್ನು ಮುದುಕನಿಗೆ ಕೊಡಲಿಲ್ಲ. ನೇರ ಗಂಡನ ಮುಂದೆ ಬಂದು ನಿಂತಳು.

“ಮನೆ ನನ್ನದು, ತಂದಿದೀನಿ,” ಎಂದಳು. “ತಂತಿ ಕಟ್ಟಿದ ಕೈ ನಿಮ್ಮದು.”

ಬುರ್ಹಾನ್ ಮೆಲ್ಲಗೆ ಪಕ್ಕಕ್ಕೆ ಸರಿದ. ಅಧಿಕಾರಿ ಜೇಬಿನಿಂದ ಪೆನ್ನು ತೆಗೆದ, ಆದರೆ ಹೆಸರು ಕೇಳಲಿಲ್ಲ.

ಸಫ್ರಿಲ್ ಬಟ್ಟೆ ತೆಗೆದುಕೊಂಡು ಹುಲಿಯ ಬಳಿ ಮಂಡಿಯೂರಿದ. ಹೊದಿಸಿದರೆ ಸಾಲಲಿಲ್ಲ. ಕಾಲು ಮುಚ್ಚಲು ಎಳೆದರೆ ಹೆಗಲು ಬಯಲಾಯಿತು. ಹೆಗಲಿಗೆ ಎಳೆದರೆ ತಂತಿ ಕಾಣಿಸಿತು. ಯುಸ್ನಾನಿ ಎದುರುಗಡೆ ಕುಳಿತು ಇನ್ನೊಂದು ಅಂಚನ್ನು ಹಿಡಿದಳು. ಇಬ್ಬರೂ ಸೇರಿ ಅದನ್ನು ಸುಕ್ಕಿಲ್ಲದಂತೆ ಎಳೆದರು.