ಕ್ಯಾಪ್ಟನ್ ಸಾಹೇಬರ ಅಂಗಿ

ನಾನು ಒಂದು ಹೊಲಿಗೆ ಯಂತ್ರ. ಕಾಲಿನಿಂದ ತುಳಿಯುವ ಹಳೆಯ ಜಾತಿ. ಹುಟ್ಟಿದ್ದು ಉತ್ತರದ ಕಡೆಯ ಯಾವುದೋ ಕಾರ್ಖಾನೆಯಲ್ಲಿ. ಬಾಳಿದ್ದು ಲಕ್ಷ್ಮೇಶ್ವರದ ಬಜಾರಿನಲ್ಲಿ, ಹುಸೇನಸಾಬ್ ಮಾಸ್ತರರ ಅಂಗಡಿಯಲ್ಲಿ. ಕಣ್ಣು ಮಂಜಾದ ಮೇಲೆ ಮಾಸ್ತರರು ನನ್ನನ್ನು ಶಿಷ್ಯೆ ದಾಕ್ಷಾಯಣಿಗೆ ಒಪ್ಪಿಸಿದರು. "ಟೇಪ್ ಕಳೀಬಹುದು. ಗಿರಾಕಿ ಮೈ ನೆನಪಿಟ್ಕೊ, ಮಗಳ" ಎಂದಿದ್ದರು.

ದಾಕ್ಷಾಯಣಿ ತಂಗಿಯರ ಮದುವೆಯ ಕುಪ್ಪಸಗಳನ್ನೆಲ್ಲ ನನ್ನ ಮೇಲೇ ಹೊಲಿದಳು. ತನ್ನದೊಂದು ಹೊಲಿಯುವುದು ಉಳಿದೇಹೋಯಿತು. ನನಗೇನೂ ಬೇಜಾರಾಗಲಿಲ್ಲ, ನಿಜ ಹೇಳುತ್ತೇನೆ. ದಿನವಿಡೀ ಅವಳ ಪಾದ ನನ್ನ ಪೆಡಲಿನ ಮೇಲಿರುತ್ತಿತ್ತು.

ಆಮೇಲೆ ಮೊಬೈಲ್ ಬಂತು. ಅಂಗೈಯಗಲದ ಆ ಡಬ್ಬಿ ನನ್ನ ಹಲಗೆಯ ಮೇಲೆಯೇ ಕೂತು ಟಿಣ್ ಎಂದರೆ ಸಾಕು, ಅವಳ ಕಾಲು ನಿಲ್ಲುತ್ತಿತ್ತು. ಮೆಸೇಜ್ ಕಳಿಸುವವನು ಕ್ಯಾಪ್ಟನ್ ವಿಶ್ವಜಿತ್ ದೇಸಾಯಿಯಂತೆ. ಫೋಟೋದಲ್ಲಿ ಮಿಲಿಟರಿ ಸಮವಸ್ತ್ರ, ಬಾಗಿಲು ತುಂಬುವಷ್ಟು ಭುಜ. 'ಊಟ ಆತೇನ್ರಿ?' ಎಂದು ಅವನು ಕೇಳುವುದು, ಇವಳು ಅದನ್ನು ಬಾಯಿಬಿಟ್ಟು ಓದಿ ನಗುವುದು. ಇಷ್ಟು ವರ್ಷ ನನ್ನೆದುರು ಒಮ್ಮೆಯೂ ಹಾಗೆ ನಕ್ಕಿರಲಿಲ್ಲ. ಹೊಟ್ಟೆಕಿಚ್ಚಿಗೆ ದಾರ ಹರಿದೆ, ಸೂಜಿ ಮುರಿದೆ. "ಇದಕ್ಕ ವಯಸ್ಸಾತು" ಎಂದು ನನ್ನನ್ನೇ ಬೈದಳು.

ಮದುವೆಯ ಮಾತೂ ಬಂತು. ಒಂದು ದಿನ ಅವನು ಬರೆದ: 'ಮದುವ್ಯಾದ ಮ್ಯಾಲೆ ಯಾಕ ಮಷಿನ್ ತುಳೀತೀರಿ? ಮಾರಿಬಿಡ್ರಿ.' ದಾಕ್ಷಾಯಣಿ ಗಿರಾಕಿಯನ್ನೂ ಗೊತ್ತುಮಾಡಿದಳು. ಶುಕ್ರವಾರ ಬಂದು ಒಯ್ಯುವುದೆಂದು ಮಾತಾಯಿತು. ಅವಳ ಹೊಟ್ಟೆಪಾಡು ನಡೆಯುವುದೇ ನನ್ನಿಂದ ಎಂಬುದು ಅವಳಿಗೆ ಮರೆತೇಹೋಗಿತ್ತು.

ನಾನು ಹೋಗುವ ಮೊದಲು ನನ್ನ ಕೈಯಲ್ಲೇ ಅವನಿಗೊಂದು ರೇಷ್ಮೆ ಅಂಗಿ ಹೊಲಿಸಿದಳು! ಅಳತೆ ಕೇಳಿದ್ದಳು, ಅವನು ಕಳಿಸಿದ್ದ. ಕತ್ತರಿಸುವಾಗ ಖುಷಿಯಲ್ಲಿ ಏನೂ ಹೊಳೆಯಲಿಲ್ಲ. ತೋಳು ಕೂಡಿಸಿ, ಅಂಗಿಯನ್ನು ಎತ್ತಿ ಹಿಡಿದಾಗ ಅವಳ ಮುಖ ಬಿಳಿಚಿತು. ಸಣ್ಣ ಭುಜ, ಮುಂದೆ ಬಂದ ಹೊಟ್ಟೆ, ಬಲಕ್ಕಿಂತ ಗಿಡ್ಡ ಎಡತೋಳು. ಈ ಮೈ ನಮಗಿಬ್ಬರಿಗೂ ಗೊತ್ತು. ಪಕ್ಕದ ಎಲೆಕ್ಟ್ರಿಕಲ್ ಅಂಗಡಿಯ ಚನ್ನವೀರಪ್ಪ ಸ್ಕೂಟರಿನಿಂದ ಬಿದ್ದು ಮೊಣಕೈ ಸೊಟ್ಟಾದಾಗಿನಿಂದ, ಪ್ರತಿ ದೀಪಾವಳಿಗೆ ಅವನ ಅಂಗಿಯನ್ನು ಹೀಗೆಯೇ ಹೊಲಿಯುತ್ತ ಬಂದಿದ್ದೇವೆ. ಹೆಸರು ಬದಲಿಸಿದ, ಫೋಟೋ ಬದಲಿಸಿದ. ಪುಕ್ಕಟೆ ರೇಷ್ಮೆ ಅಂಗಿ ಮೈಗೆ ಕೂರಬೇಕಲ್ಲ, ಅಳತೆ ಮಾತ್ರ ತನ್ನದೇ ಕೊಟ್ಟ.

ನನಗೆ ಮೊದಲು ಖುಷಿಯಾಯಿತು. ಅವಳು ನನ್ನ ಹಲಗೆಗೆ ಹಣೆ ಹಚ್ಚಿ ಅತ್ತಾಗ ಆ ಖುಷಿ ಉಳಿಯಲಿಲ್ಲ.

ಅತ್ತು ಮುಗಿಸಿ, ಗುಂಡಿ ಹಚ್ಚಿ, ಇಸ್ತ್ರಿ ಮಾಡಿ ಪಕ್ಕದ ಅಂಗಡಿಗೆ ಹೋದಳು. ಚನ್ನವೀರಪ್ಪನೂ ಇದ್ದ, ಗಲ್ಲಾದಲ್ಲಿ ಅವನ ಹೆಂಡತಿ ಸುವರ್ಣಾ ಇದ್ದಳು. ಗೋಡೆಯಾಚೆಯ ಮಾತೆಲ್ಲ ನನಗೆ ಕೇಳಿಸಿತು.

"ಅಣ್ಣಾರ, ಕ್ಯಾಪ್ಟನ್ ಸಾಹೇಬರ ಅಂಗಿ ತಯಾರಾತು. ಹಾಕ್ಕೊಂಡು ನೋಡ್ರಿ."

"ಯಾವ ಕ್ಯಾಪ್ಟನ್?" ಸುವರ್ಣಾ ಕೇಳಿದಳು.

"ಅವರ ಮುಖ ನಾ ನೋಡಿಲ್ರಿ ಅಕ್ಕಾರ. ಅಳತಿ ಅಣ್ಣಾರದು. ಎಡತೋಳು ನೋಡ್ರಿ. ಮೆಸೇಜೂ ಅದಾವ, ಓದ್ಲ್ಯಾ?"

"ಹಾಕ್ಕೋರಿ, ನಾನೂ ನೋಡ್ತೀನಿ" ಎಂದಳು ಸುವರ್ಣಾ. ಅಂಗಿ ಎಲ್ಲಿಯೂ ಹಿಡಿಯಲಿಲ್ಲವಂತೆ, ಎಲ್ಲಿಯೂ ಸಡಿಲಾಗಲಿಲ್ಲವಂತೆ. ಬಜಾರೆಲ್ಲ ನಿಂತು ನೋಡಿತು.

ಶುಕ್ರವಾರ ಬಂದ ಗಿರಾಕಿಯನ್ನು ದಾಕ್ಷಾಯಣಿ ಬಾಗಿಲಲ್ಲೇ ತಿರುಗಿಸಿ ಕಳಿಸಿದಳು.

ಈಗ ಮೋಟಾರಿನ ಯಂತ್ರ ಬಂದಿದೆ. ಅದರ ಮೇಲೂ ನನಗೆ ಹೊಟ್ಟೆಕಿಚ್ಚೇ. ನನ್ನ ಬೆಲ್ಟ್ ಬಿಚ್ಚಿ ಮೂಲೆಗೆ ಸರಿಸಿದ್ದಾರೆ. ಸಂಜೆ ಅವಳು ನನ್ನೆದುರಿನ ಸ್ಟೂಲಿನಲ್ಲಿ ಕೂತು ಮೊಬೈಲ್ ನೋಡುತ್ತಾಳೆ. ಗುರುತಿಲ್ಲದವರು ಬರೆದರೆ, "ಮೊದ್ಲ ವಿಡಿಯೋದಾಗ ಮುಖ ತೋರಸ್ರಿ" ಎಂದು ಹೇಳಿಕೊಳ್ಳುತ್ತಲೇ ಟೈಪ್ ಮಾಡುತ್ತಾಳೆ. ತಂಗಿಯರು ಏನಾದರೂ ಕಳಿಸಿದರೆ ನಗುತ್ತಾಳೆ. ಆ ನಗು ಇವತ್ತಿಗೂ ನನಗಲ್ಲ. ಆದರೆ ನಗುವಾಗ ಅವಳ ಪಾದ ತಾನಾಗಿ ನನ್ನ ಪೆಡಲನ್ನು ತುಳಿಯುತ್ತದೆ. ಸೂಜಿ ಏಳುವುದಿಲ್ಲ, ಗಾಲಿ ಮಾತ್ರ ತಿರುಗುತ್ತದೆ. ತಿರುಗಲಿ.