ಎಡಗಿವಿಯ ಕಚ್ಚು

ಕೋಮಲಾಳ ಕುರಿ ಎರಡು ಸೂಲು ಗಂಡು ಮರಿಯನ್ನೇ ಹಾಕಿತ್ತು. ಎರಡು ಸಲವೂ ಕರಿಯಮ್ಮ ಮುಖದಲ್ಲಿ ಏನನ್ನೂ ತೋರಿಸದೆ ಮರಿಯ ಮೈ ಒರೆಸಿಕೊಟ್ಟು ಮನೆಗೆ ಬಂದಿದ್ದಳು. ಬಂದವಳು ಬಾಗಿಲ ಹಿಂದಿನ ಗೂಟದಿಂದ ಉಣ್ಣೆಯ ಹುರಿಯನ್ನು ಇಳಿಸಿ, ಎಳೆ ಬಿಚ್ಚಿ, ಇನ್ನೂ ಬಿಗಿಯಾಗಿ ಹೊಸೆದು ಮತ್ತೆ ಅಲ್ಲೇ ತೂಗುಹಾಕಿದ್ದಳು. ಕರಿಯ ಉಣ್ಣೆಯ ನಡುವೆ ಒಂದು ಕೆಂಪು ದಾರ, ತುದಿಗೆ ಬೀರೂರಿನ ಸಂತೆಯಲ್ಲಿ ಕೊಂಡ ಪುಟ್ಟ ಹಿತ್ತಾಳೆ ಗಂಟೆ.

"ಗಂಟೆ ಸುಮ್ನೆ ಕಿಲುಬು ಹಿಡೀತೈತಲ್ಲೇ," ಎಂದು ಅತ್ತೆ ಕೆಂಚಮ್ಮ ರೇಗಿಸುತ್ತಿದ್ದಳು. "ನಿನ್ ಕೊರಳಿಗೇ ಕಟ್ಕೋ. ಮೇಯ್ಸಕ್ಕೆ ಹೋದಾಗ ಎಲ್ಲವಳೆ ಅಂತ ನಂಗಾದ್ರೂ ಗೊತ್ತಾಯ್ತದೆ."

ಹಿರೇನಲ್ಲೂರಿನಿಂದ ಒಳಕ್ಕೆ, ತೆಂಗಿನ ತೋಟಗಳು ಮುಗಿದು ಬೆದ್ದಲು ಶುರುವಾಗುವ ಕಡೆ ಅವರ ಕೆಳಗಲಹಟ್ಟಿ. ಅಲ್ಲಿ ಮನೆಗೊಂದು ಕುರಿ ಕೂಡುವ ರೊಪ್ಪ, ರೊಪ್ಪಕ್ಕೊಂದು ಕಚ್ಚು. ಕಚ್ಚು ಅಂದರೆ ಕುರಿಯ ಕಿವಿಗೆ ಆಯಾ ಮನೆಯವರು ಕತ್ತರಿಸಿ ಹಾಕುವ ಗುರುತು. ಒಬ್ಬರದು ಬಲಗಿವಿಯ ಅಂಚಿನಲ್ಲಿದ್ದರೆ ಇನ್ನೊಬ್ಬರದು ಎಡಗಿವಿಯ ತುದಿಯಲ್ಲಿ. ತಾತ ಮುತ್ತಾತಂದಿರಿಂದ ಬಂದ ಗುರುತು ಅದು. ಹಾಕುವವರು ಗಂಡಸರು, ಕುರಿಯೂ ಗಂಡಸರದೇ. ಕಡೂರಿನಿಂದ ವಿಭಾ ಬಂದು ಹೆಂಗಸರ ಸಂಘ ಕಟ್ಟಿದಾಗ ಹೆಂಗಸರು ತಾವಾಗಿಯೇ ಮಾಡಿಕೊಂಡ ಮೊದಲ ಕಟ್ಟಳೆ ಇದರ ಮೇಲೆಯೇ: ಸಂಘದ ಕುರಿಗೆ ಯಾವ ಮನೆಯ ಕಚ್ಚೂ ಬೀಳಕೂಡದು. ಕುರಿ ಯಾರದೋ ಅವಳೇ ಹೊಸೆದ ಹುರಿ ಅದರ ಕೊರಳಲ್ಲಿರಬೇಕು. ಮತ್ತೆ, ಕುರಿ ಪಡೆದವಳು ಅದು ಹಾಕುವ ಮೊದಲ ಹೆಣ್ಣು ಮರಿಯನ್ನು ಸರದಿಯಲ್ಲಿ ಮುಂದಿದ್ದವಳಿಗೆ ಕೊಡಬೇಕು.

ಕೋಮಲಾಳ ಮುಂದಿನ ಸರದಿ ಕರಿಯಮ್ಮನದು.

ಕರಿಯಮ್ಮ ದಿನವೂ ಕುರಿ ಮೇಯಿಸುತ್ತಿದ್ದಳು, ಆದರೆ ಅವೆಲ್ಲ ಗಂಡ ತಿಪ್ಪೇಶ ಮತ್ತು ಅವನ ಅಣ್ಣತಮ್ಮಂದಿರವು. ತಿಪ್ಪೇಶ ಒಳ್ಳೆಯವನೇ. ಕೇಳಿದರೆ ಒಂದು ಮರಿಯನ್ನು ಎತ್ತಿ ಕೊಟ್ಟುಬಿಡುತ್ತಿದ್ದನೇನೋ. ಆದರೆ ಕೇಳಿ ಪಡೆದದ್ದು ಬೇರೆ, ತನ್ನದಾಗಿ ಬಂದದ್ದು ಬೇರೆ. ತಾಯಿ ತಂದೆ ಅವಳಿಗೆ ನೆನಪಿಲ್ಲದ ವಯಸ್ಸಿನಲ್ಲೇ ಹೋಗಿದ್ದರು. ತರೀಕೆರೆ ಕಡೆಯ ಸೋದರಮಾವ ಸಾಕಿ ಮದುವೆ ಮಾಡಿಕೊಟ್ಟ. ಈಗ ಅವನೂ ಇಲ್ಲ. ಗೌರಿ ಹಬ್ಬ ಬಂತೆಂದರೆ ಹಟ್ಟಿಯ ಹೆಂಗಸರೆಲ್ಲ ಚೀಲ ಹಿಡಿದು ತವರಿಗೆ ಹೊರಡುತ್ತಿದ್ದರು. ಅವರ ಕುರಿಗಳ ಮೇವು ನೀರು ಕರಿಯಮ್ಮನ ಪಾಲಿಗೆ ಬರುತ್ತಿತ್ತು. "ನಿಂಗೇನವ್ವ, ಹೋಗೋ ರಗಳೆ ಇಲ್ಲ," ಎನ್ನುತ್ತಿದ್ದರು. ಯಾರೂ ಚುಚ್ಚಲೆಂದು ಅಂದದ್ದಲ್ಲ. ಅವಳೂ ನಗುತ್ತಿದ್ದಳು.

ಈ ಸಲ ಹಬ್ಬ ಹತ್ತಿರವಾಗಿ, ಕೋಮಲಾಳ ಕುರಿಯ ಕೆಚ್ಚಲು ಇಳಿದಿದ್ದಾಗ, ವಿಭಾ ಫೋನ್ ಮಾಡಿದಳು. ಕೀನ್ಯಾ ದೇಶದಿಂದ ಮಸಾಯಿ ಬುಡಕಟ್ಟಿನ ಹೆಂಗಸೊಬ್ಬಳು ಬಂದಿದ್ದಾಳೆ, ನಸೇರಿಯನ್ ಅಂತ ಹೆಸರು, ಅಜ್ಜಂಪುರದಲ್ಲಿ ಎಲ್ಲ ಸಂಘದವರ ಸಭೆ, ಸಭೆ ಮುಗಿಸಿ ನಿಮ್ಮ ಹಟ್ಟಿಗೇ ಕರೆತರುತ್ತೇನೆ ಎಂದಳು.

"ಅವ್ರ ಊರಲ್ಲೂ ಕುರಿ ಅವ್ಯಾ?" ಕೆಂಚಮ್ಮ ಫೋನು ಕಸಿದುಕೊಂಡು ಕೇಳಿದಳು.

"ಕುರಿ, ಮೇಕೆ, ಹಸು. ಅವರ ಬದುಕೇ ಅದು ಕೆಂಚಮ್ಮ. ಅಲ್ಲಿನ ಹೆಂಗಸ್ರೂ ಸಂಘ ಮಾಡ್ಕೊಂಡು ಮೇಕೆ ಹಂಚ್ಕೋತಾರೆ, ಮಣಿಸರ ಮಾಡಿ ಮಾರ್ತಾರೆ. ಊರಿಗೆ ನೀರು ತರಿಸ್ಕೊಂಡಿದಾರೆ. ಹೆಣ್ಮಕ್ಕಳನ್ನ ಓದಿಸ್ತಿದಾರೆ."

"ಹಂಗಾರೆ ನಮ್ ಕಡೆಯವಳೇ ಬಿಡು. ಕರ್ಕೊಂಡು ಬಾ, ಮುದ್ದೆ ತಿಂತಾಳಾ ಕೇಳು."

ಅಜ್ಜಂಪುರಕ್ಕೆ ಹೊರಟಾಗ ಕರಿಯಮ್ಮ ಹುರಿಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡಳು. ಮಣಿ ಪೋಣಿಸುವವಳಿಗೆ ತೋರಿಸೋಣ ಎಂಬ ಆಸೆ. ಸಭೆಯಲ್ಲಿ ನಸೇರಿಯನ್ ಎದ್ದು ನಿಂತಾಗ ಹೆಂಗಸರೆಲ್ಲ ತಲೆಯೆತ್ತಿ ನೋಡುವಂತಾಯಿತು, ಅಷ್ಟು ಎತ್ತರ. ಕೆಂಪು ಬಟ್ಟೆ, ಕೊರಳ ಸುತ್ತ ತಟ್ಟೆಯಗಲದ ಮಣಿಯ ಹಾರ. ಬಾಗಿದರೆ ಅದು ಕಿಣಿಕಿಣಿ ಎನ್ನುತ್ತಿತ್ತು. ಊಟದ ಹೊತ್ತಿಗೆ ಕೆಂಚಮ್ಮ ಆ ಹಾರವನ್ನು ಮುಟ್ಟಿಯೇಬಿಟ್ಟಳು.

"ಇಷ್ಟು ಹೇರ್ಕಂಡ್ರೆ ಕತ್ತು ನೋಯಲ್ವೇನವ್ವಾ?"

ವಿಭಾ ಅದನ್ನು ಇಂಗ್ಲಿಷಿನಲ್ಲಿ ಹೇಳಿದಳು. ನಸೇರಿಯನ್ ಕೆಂಚಮ್ಮನ ಮೊಣಕೈವರೆಗಿನ ಬಳೆಗಳನ್ನು ನೋಡಿ ಏನೋ ಕೇಳಿದಳು.

"ಮುದ್ದೆ ತೊಳಸುವಾಗ ಈ ಬಳೆ ಒಡೆಯಲ್ವಾ ಅಂತ ಕೇಳ್ತಿದಾರೆ," ಎಂದಳು ವಿಭಾ.

"ಒಡೀತಾವೆ. ಮತ್ತೆ ತೊಡ್ಕೋತೀನಿ. ನೋಡ್ದ್ಯಾ, ಮಾತಿಗೆ ಮಾತು! ಈಕೆ ನಮ್ಮವಳೇ."

ಸಂಜೆ ಟೆಂಪೋದಲ್ಲಿ ಎಲ್ಲರೂ ಹಾಡುತ್ತ ಹಟ್ಟಿಗೆ ಬಂದರು. ರೊಪ್ಪದ ಬಾಗಿಲಲ್ಲಿ ಕೋಮಲಾಳ ಮಾವ ಕರಿಸಿದ್ದಪ್ಪ ಚಾಕುವನ್ನು ಹೆಗಲ ಮೇಲಿನ ವಲ್ಲಿಗೆ ಒರೆಸುತ್ತ ನಿಂತಿದ್ದ. ಅವನ ಮುಖದ ತುಂಬ ನಗು.

"ಒಂದೇ ಮಧ್ಯಾಹ್ನಕ್ಕೆ ಮೂರು ಈದ್ವು! ಕೋಮಲಾ, ನಿಂದೂ ಈಯ್ತು. ಹೆಣ್ ಮರಿ."

ಕರಿಯಮ್ಮ ಟೆಂಪೋದಿಂದ ಇಳಿದಳೋ ಹಾರಿದಳೋ ಅವಳಿಗೇ ತಿಳಿಯಲಿಲ್ಲ. ಚಪ್ಪಲಿ ಎಲ್ಲೋ ಉಳಿಯಿತು. ತಾಯಿಯ ಹೊಟ್ಟೆಯಡಿ ನಡುಗುವ ಕಾಲೂರಿಕೊಂಡು ಮರಿ ನಿಂತಿತ್ತು. ಕಪ್ಪು ಮೈ, ಹಣೆಯಲ್ಲಿ ಬಿಳಿ ಬೊಟ್ಟು. ಅದನ್ನೆತ್ತಿ ಎದೆಗೊತ್ತಿಕೊಂಡಾಗ ಅವಳ ಬೆರಳಿಗೆ ಒದ್ದೆಯಾದದ್ದೇನೋ ತಗುಲಿತು. ಗಾಯಕ್ಕೆ ಮೆತ್ತಿದ ಅರಿಶಿನ, ಬೂದಿ. ಎಡಗಿವಿಯ ತುದಿ ಸೀಳಿತ್ತು.

ಹಿಂದೆಯೇ ಓಡಿ ಬಂದ ಹೆಂಗಸರ ನಗು ಒಬ್ಬೊಬ್ಬರದಾಗಿ ನಿಂತಿತು.

"ಮಾವ, ಇದೇನ್ ಮಾಡ್ಬುಟ್ರಿ?" ಎಂದಳು ಕೋಮಲಾ.

ಕರಿಸಿದ್ದಪ್ಪ ಮರಿಯನ್ನು ನೋಡಿದ, ಕೈಯಲ್ಲಿದ್ದ ಚಾಕುವನ್ನು ನೋಡಿದ. ನಗು ಮುಖದಿಂದ ಇಳಿಯಿತು. "ಮೂರೂ ಒಟ್ಟಿಗೇ ಬಿದ್ವು ಕಣವ್ವ. ಒಂದಾದ್ಮೇಲೊಂದು ಹಿಡ್ಕಂಡೆ. ಕೈ ಅದರ ಪಾಡಿಗೆ ಮಾಡ್ಬುಡ್ತು."

"ಕೈ ಮಾಡ್ತಂತೆ!" ಕೆಂಚಮ್ಮ ಮುಂದೆ ಬಂದಳು. "ತಲೆ ಎಲ್ಲಿ ಮೇಯಕ್ಕೆ ಹೋಗಿತ್ತು ಸಿದ್ದಣ್ಣ?"

"ಯಜಮಾನ್ರೇ, ಸಂಘದ ಕಟ್ಟಳೆ ಇದೆಯಲ್ಲ. ಮರಿ ಕರಿಯಮ್ಮಂಗೇ ಸೇರಬೇಕು," ಎಂದು ವಿಭಾ ನೆನಪಿಸಿದಳು.

"ಇಲ್ಲ ಅಂದ್ನಾ? ಆದ್ರೆ ಕಚ್ಚು ಬಿದ್ದ ಕುರಿ ಮನೆ ಬಿಟ್ಟು ಹೋಗಂಗಿಲ್ಲ. ನಮ್ಮಪ್ಪ ಕಳಿಸ್ಲಿಲ್ಲ, ನಾನೂ ಕಳಿಸಿಲ್ಲ. ನನ್ ಮನೆ ಕಚ್ಚಿನ ಕುರಿ ಇವಳ ರೊಪ್ಪದಲ್ಲಿ ಕಂಡ್ರೆ ನೋಡ್ದೋರು ಇವಳನ್ನ ಏನಂದಾರು? ಅದರ ಮೇಲೆ ಇನ್ನೊಂದು ಕಚ್ಚು ಹಾಕನಾ? ಅದು ಕಳ್ರು ಮಾಡೋ ಕೆಲಸ."

ನಿಂತವರೆಲ್ಲ ಕುರಿ ಸಾಕುವ ಮನೆಯಲ್ಲೇ ಹುಟ್ಟಿದವರು. ಅವನು ಹೇಳುತ್ತಿರುವುದು ಹಟವಲ್ಲ ಎಂದು ಅವರಿಗೆ ಗೊತ್ತಿತ್ತು.

"ಮುಂದಿನ ಸೂಲಿಗೆ ಕೊಡಾನ ಕಣವ್ವ," ಎಂದ ಕರಿಸಿದ್ದಪ್ಪ ಮೆಲ್ಲಗೆ.

"ಆಗ್ಲಿ ಬಿಡಿ ದೊಡ್ಡಯ್ಯ," ಎಂದಳು ಕರಿಯಮ್ಮ. ಹೇಳಿ ಹೇಳಿ ಅವಳಿಗೆ ರೂಢಿಯಾದ ಮಾತು. ಬಾಗಿ ಮರಿಯ ಬಾಯಿಗೆ ತಾಯಿಯ ಮೊಲೆ ಹಿಡಿಸಿದಳು. ಎದ್ದು ನಿಲ್ಲುವಾಗ ಸೊಂಟದಲ್ಲಿ ಸಿಕ್ಕಿಸಿದ್ದ ಗಂಟೆ ಟಿಣ್ ಎಂದಿತು. ಎಲ್ಲರಿಗೂ ಕೇಳಿಸಿತು. ಕರಿಸಿದ್ದಪ್ಪ ಬೇರೆ ಕಡೆ ನೋಡಿದ.

ನಸೇರಿಯನ್ ಏನಾಯಿತೆಂದು ಕೇಳಿದಳು. ವಿಭಾ ಹೇಳುತ್ತಿದ್ದಂತೆಯೇ ಅವಳು ಹಾರ ಕಿಣಿಗುಟ್ಟಿಸುತ್ತ ಮರಿಯ ಪಕ್ಕ ಕುಕ್ಕರಗಾಲಲ್ಲಿ ಕೂತು ಕಿವಿಯನ್ನು ಬೆಳಕಿಗೆ ಹಿಡಿದು ನೋಡಿದಳು. ಆಮೇಲೆ ಒಂದು ಕಡ್ಡಿ ತೆಗೆದುಕೊಂಡು ರೊಪ್ಪದ ಧೂಳಿನಲ್ಲಿ ಕಿವಿಯ ಚಿತ್ರ ಬರೆದು, ಅದರ ಅಂಚಿಗೆ ಒಂದು ಗೀಟು ಎಳೆದಳು.

"ಅವರ ಮನೇದಂತೆ," ಎಂದಳು ವಿಭಾ.

ಕರಿಸಿದ್ದಪ್ಪ ಬಗ್ಗಿ ನೋಡಿದ. "ಅವ್ರೂ ಕಚ್ಚು ಹಾಕ್ತಾರಾ?" ಇನ್ನಷ್ಟು ಬಗ್ಗಿದ. ಕೊನೆಗೆ ಕೂತೇಬಿಟ್ಟ. ತಾನೊಂದು ಕಡ್ಡಿ ತೆಗೆದುಕೊಂಡು ಪಕ್ಕದಲ್ಲೇ ತನ್ನ ಮನೆಯದನ್ನು ಬರೆದ. ಅವಳು ತನ್ನ ಗಂಡನ ಕಡೆಯವರದನ್ನು ಬರೆದಳು. ಅವನು ಹಟ್ಟಿಯ ಎಲ್ಲರ ಮನೆಯದನ್ನೂ ಬರೆದ. ಭಾಷೆ ಬೇಕಾಗಲೇ ಇಲ್ಲ. ಧೂಳಿನ ತುಂಬ ಕಿವಿಗಳಾದವು.

"ಕೇಳವ್ವ," ಎಂದ ಅವನು ವಿಭಾಳಿಗೆ. "ಅವ್ರಲ್ಲಿ ಕಚ್ಚಿನ ಕುರಿ ಬ್ಯಾರೆ ಮನೆಗೆ ಹೋಗ್ತದಾ?"

ವಿಭಾ ಕೇಳಿ ತಿಳಿದು ಹೇಳಿದಳು: "ಹೋಗುತ್ತಂತೆ. ಪ್ರೀತಿಯಿಂದ ಕುರಿ ಕೊಟ್ರೆ, ಆವತ್ತಿಂದ ಕೊಟ್ಟೋರೂ ತಗೊಂಡೋರೂ ಒಬ್ಬರನ್ನೊಬ್ಬರು ಹೆಸರು ಹಿಡಿದು ಕರೆಯಲ್ವಂತೆ. 'ಪಾಕೆರ್' ಅಂತಾರಂತೆ. ಕುರಿಯಿಂದ ಆದ ನೆಂಟಸ್ತಿಕೆ ಅದು."

"ಆ ಕುರಿ ಸತ್ತೋದ್ರೆ?"

"ಕುರಿ ಸಾಯುತ್ತೆ, ನೆಂಟಸ್ತಿಕೆ ಇರುತ್ತೆ ಅಂತಿದಾರೆ."

ಕರಿಸಿದ್ದಪ್ಪ ಕಡ್ಡಿಯನ್ನು ಬೆರಳ ನಡುವೆ ತಿರುಗಿಸುತ್ತ ಕೂತ. ಮರಿ ಚೀಪುತ್ತ ಬಾಲ ಅಲ್ಲಾಡಿಸುತ್ತಿತ್ತು.

"ಒಂದ್ ದಾರಿ ಐತೆ," ಎಂದ ಅವನು ಕೊನೆಗೆ. "ನನ್ ತಂಗಿ ಮದ್ವೇಲಿ ನಮ್ಮಪ್ಪ ಕುರಿ ಕೊಟ್ಟು ಕಳಿಸಿದ್ದ. ಕಚ್ಚಿನ ಕುರೀನೇ. ಮಗಳಿಗೆ ಬಳುವಳಿ ಅಂತ ಕೊಟ್ರೆ ತಪ್ಪಿಲ್ಲ, ಆ ಕಚ್ಚು ಅವಳ ತವರಿನ ಗುರುತು. ನಂಗೆ ಹೆಣ್ ಮಕ್ಕಳಿಲ್ವಲ್ಲ, ಅದು ನೆಪ್ಪಿಗೇ ಬರ್ಲಿಲ್ಲ." ಮಂಡಿಯ ಮೇಲೆ ಕೈಯೂರಿ ಎದ್ದ. "ಕರಿಯಮ್ಮ, ನಂಗೆ ಮಗಳಾಗ್ತೀಯೇನವ್ವ?"

ಕರಿಯಮ್ಮನಿಗೆ ಆಗಲಿ ಬಿಡಿ ಎನ್ನುವ ಮಾತು ಬಾಯಿಗೆ ಬಂತು. ಆದರೆ ಅದು ಈ ಜಾಗಕ್ಕೆ ಹೊಂದುವ ಮಾತಾಗಿರಲಿಲ್ಲ. ತಲೆ ಆಡಿಸಿದಳು. ಸಾಲದೆಂದು ಇನ್ನೊಂದು ಸಲ ಆಡಿಸಿದಳು.

"ಲೇ ಕೆಂಚಮ್ಮ," ಕರಿಸಿದ್ದಪ್ಪನ ದನಿ ಏರಿತು. "ನಿನ್ ಸೊಸೆ ಈಗ ನನ್ ಮಗಳು. ತಲೆ ಮೇಯಕ್ಕೆ ಹೋಗಿತ್ತು ಗಿಲೆ ಹೋಗಿತ್ತು ಅನ್ನಂಗಿಲ್ಲ. ಬೀಗ್ರು ಅಂತ ಮರ್ಯಾದೆ ಕೊಟ್ಟು ಮಾತಾಡ್ಸು."

"ಅಯ್ಯಯ್ಯೋ, ಈಗ ಬಂದ ನೋಡು ಬೀಗ!" ಕೆಂಚಮ್ಮ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿದಳು. "ಮದ್ವೆ ಮಾಡ್ಕೊಟ್ಟವ್ನು ಅಳಿಯನ ಕಾಲು ತೊಳ್ದಿಲ್ಲ, ಒಂದ್ ಹೋಳಿಗೆ ಊಟ ಹಾಕಿಲ್ಲ. ಎಲ್ಲ ಬಾಕಿ ಐತೆ ಕಣ್ರೀ ಬೀಗ್ರೇ!"

ತಿಪ್ಪೇಶ ಆಗಷ್ಟೇ ಕುರಿ ಹೊಡೆದುಕೊಂಡು ಬಂದಿದ್ದ. ಎಲ್ಲರೂ ತನ್ನ ಕಾಲು ನೋಡಿ ನಗುವುದೇಕೆಂದು ತಿಳಿಯದೆ ಅವನೂ ಬಗ್ಗಿ ತನ್ನ ಕಾಲು ನೋಡಿಕೊಂಡ.

ಕೋಮಲಾ ಒಳಗೋಡಿ ಕುಂಕುಮ, ತೆಂಗಿನಕಾಯಿ, ಕುಬುಸದ ಕಣ ತಂದು ಕರಿಯಮ್ಮನ ಮಡಿಲು ತುಂಬಿದಳು. ಒಂದು ಕೈಯಲ್ಲಿ ಮಡಿಲು ಹಿಡಿದೇ ಕರಿಯಮ್ಮ ಹುರಿಯನ್ನು ಮರಿಯ ಕೊರಳಿಗೆ ಸುತ್ತಿದಳು. ಎಳೆಯ ಕೊರಳಿಗೆ ಅದು ಎರಡು ಸುತ್ತು ಬಂದರೂ ಜೋಲುತ್ತಿತ್ತು. "ಬೆಳೀತದೆ ಬಿಡೇ," ಎಂದಳು ಕೋಮಲಾ.

ಆಗ ನಸೇರಿಯನ್ ಮರಿಯ ಹಣೆಯ ಹತ್ತಿರ ಬಾಗಿ ಥೂ ಎಂದು ಮೆಲ್ಲಗೆ ಉಗಿದಳು. ಕೋಮಲಾ ಬೆಚ್ಚಿದಳು. ವಿಭಾಳ ಮುಖ ಕೆಂಪಾಯಿತು. ಏನಾದರೂ ಹೇಳಬೇಕೆಂದು ಅವಳು ಬಾಯಿ ತೆರೆಯುವಷ್ಟರಲ್ಲಿ ಕೆಂಚಮ್ಮ ತಾನೂ ಮುಂದೆ ಬಂದು ಥೂ ಥೂ ಎಂದಳು.

"ಏನ್ ಹಂಗ್ ನೋಡ್ತೀರಾ? ದೃಷ್ಟಿ ತೆಗೀತಾವಳೆ. ಇಷ್ಟ್ ಜನ ಕಣ್ ಹಾಕಿದ್ರೆ ಮರಿ ಉಳೀತದಾ?"

ವಿಭಾ ಕೇಳಿದಾಗ ನಸೇರಿಯನ್ ನಕ್ಕು, ನಮ್ಮಲ್ಲಿ ಹೊಸದಾಗಿ ಹುಟ್ಟಿದವರನ್ನು ಹೀಗೆಯೇ ಹರಸುವುದು ಎಂದಳು. ಆ ರಾತ್ರಿ ಅವಳು ಕೆಂಚಮ್ಮನ ಮನೆಯಲ್ಲಿ ಮುದ್ದೆ ಉಂಡಳು. ನುಂಗುವ ಬದಲು ಅಗಿದಳು ಎಂಬುದೊಂದನ್ನು ಬಿಟ್ಟರೆ ಕೆಂಚಮ್ಮನಿಗೆ ಅವಳಲ್ಲಿ ಯಾವ ಕುಂದೂ ಕಾಣಲಿಲ್ಲ.

ಹಾಲು ಬಿಡುವ ತನಕ ಮರಿ ತಾಯಿಯ ಬಳಿಯೇ ಉಳಿಯಬೇಕಿತ್ತು. ಕರಿಯಮ್ಮ ಬೆಳಿಗ್ಗೆ ಸಂಜೆ ಹೋಗಿ ನೋಡಿ ಬರುತ್ತಿದ್ದಳು. "ಏ ಪಾಕೆರ್, ಕಾಫಿ ಕುಡ್ಕಂಡು ಹೋಗೇ," ಎಂದು ಕೋಮಲಾ ಕೂಗುವುದು ಇಡೀ ಬೀದಿಗೆ ಕೇಳುತ್ತಿತ್ತು.

ಗೌರಿ ಹಬ್ಬದ ಬೆಳಿಗ್ಗೆ ಹೆಂಗಸರು ಚೀಲ ಹಿಡಿದು ಬಸ್ಸಿಗೆ ಹೊರಟಿದ್ದರು. ಕರಿಯಮ್ಮ ಎಂದಿನಂತೆ ಬಕೆಟ್ಟು ಹಿಡಿದು ಅಂಗಳಕ್ಕೆ ಬಂದರೆ, ಬಾಗಿಲಲ್ಲಿ ಟಿವಿಎಸ್ ಗಾಡಿ ನಿಲ್ಲಿಸಿಕೊಂಡು ಕರಿಸಿದ್ದಪ್ಪ ಕೂತಿದ್ದ. ಬಿಳಿ ಪಂಚೆ, ಇಸ್ತ್ರಿ ಮಾಡಿದ ಅಂಗಿ, ಹೆಗಲಿಗೆ ಹೊಸ ವಲ್ಲಿ.

"ಮಗಳನ್ನ ಹಬ್ಬಕ್ಕೆ ಕರ್ಕೊಂಡ್ ಹೋಗಕ್ಕೆ ಬಂದಿವ್ನಿ," ಎಂದ ಅವನು ಕೆಂಚಮ್ಮನಿಗೆ.

"ನಾಲ್ಕ್ ಮನೆ ಆಚೆಗೆ ಗಾಡಿ ಬ್ಯಾರೆ ಕೇಡು!" ಎಂದಳು ಕೆಂಚಮ್ಮ. ಆದರೆ ಸೊಸೆಯ ಕೈಯಿಂದ ಬಕೆಟ್ಟು ತೆಗೆದು ಕೆಳಗಿಟ್ಟವಳು ಅವಳೇ. ಒಳಗಿನಿಂದ ಮಡಿಸಿದ ಸೀರೆಗಳಿದ್ದ ಚೀಲ ತಂದುಕೊಟ್ಟವಳೂ ಅವಳೇ. ಚೀಲವನ್ನು ಹಿಂದಿನ ದಿನವೇ ತುಂಬಿಟ್ಟಿದ್ದಳೆಂದು ಕಾಣುತ್ತದೆ.

ತಿಪ್ಪೇಶ ರೊಪ್ಪದ ಬಳಿ ಹಟ್ಟಿಯವರ ಕುರಿಗಳನ್ನೆಲ್ಲ ನೋಡಿ ತಲೆ ಕೆರೆದುಕೊಳ್ಳುತ್ತ ನಿಂತಿದ್ದ. ಕರಿಯಮ್ಮ ಗಾಡಿ ಹತ್ತಿ, ಚೀಲವನ್ನು ತೊಡೆಯ ಮೇಲಿಟ್ಟುಕೊಂಡು ಅವನ ಕಡೆ ತಿರುಗಿದಳು.

"ನಿಂಗೇನಪ್ಪ, ಹೋಗೋ ರಗಳೆ ಇಲ್ಲ," ಎಂದಳು.

ಗಾಡಿ ಹೊರಟು ಒಂದು ಮನೆ ದಾಟಿತು, ಎರಡು ದಾಟಿತು. ಮುಂದಿನ ರೊಪ್ಪದಿಂದ ಗಂಟೆಯ ಸದ್ದು ಆಗಲೇ ಕೇಳತೊಡಗಿತ್ತು. ಕರಿಯಮ್ಮ ಮುಂದೆ ಬಾಗಿ ಮೊದಲ ಸಲ ಆ ಹೆಸರಿನಿಂದ ಕರೆದಳು.

"ಅಪ್ಪಯ್ಯ, ಇಷ್ಟ್ ಬೇಗ ಬ್ಯಾಡ. ಬಸ್ ಸ್ಟ್ಯಾಂಡ್ ಮುಂದಿಂದ ಸುತ್ತಾಕ್ಕೊಂಡು ಹೋಗಾನ."

ಬಸ್ಸಿಗೆ ಕಾಯುತ್ತ ನಿಂತ ಹೆಂಗಸರೆಲ್ಲ ಅಲ್ಲೇ ಇದ್ದರು. ಕರಿಸಿದ್ದಪ್ಪ ಗಾಡಿ ತಿರುಗಿಸಿ, ಬೇಕೆಂದೇ ಹಾರ್ನ್ ಬಾರಿಸಿದ.