ಪಾರವ್ವ ಕೇಳಿದ ಫೀಸು

ಕೇಸು ಗೆದ್ದ ದಿನ ಮನುಷ್ಯ ಮೀಸೆ ತಿರುವಬೇಕು. ಮುರುಗೆಪ್ಪ ಮಾತ್ರ ಮರಾಠಿ ಸೀಮೆಯ ವಿಠ್ಠಲವಾಡಿಯ ತನ್ನ ಮನೆಯಲ್ಲಿ ಬಾಗಿಲ ಕಡೆ ನೋಡುತ್ತ ಬೆವರುತ್ತಿದ್ದ. ತಡೆಹಿಡಿದ ಪೆನ್ಶನ್ ಕೊಡಬೇಕು, ಜೊತೆಗೆ ಅವನ ವಕೀಲರ ಫೀಸನ್ನೂ ಭರಿಸಬೇಕು ಎಂದು ಕೋರ್ಟು ಸರ್ಕಾರಕ್ಕೆ ಹೇಳಿತ್ತು. ಆ ಎರಡನೆಯ ಮಾತೇ ಈಗ ಕುತ್ತಿಗೆಗೆ ಬಂದಿತ್ತು.

ಏಕೆಂದರೆ ಅವನು ಫೀಸೇ ಕೊಟ್ಟಿರಲಿಲ್ಲ. ಕಲ್ಯಾಣದ ವಕೀಲ ಸಿದ್ಧೇಶ್ವರ ಊರ ಕಡೆಯ ಹುಡುಗ. ಕಾಕಾನ ಹತ್ತಿರ ದುಡ್ಡು ಇಸಿದುಕೊಳ್ಳಲಾರೆ ಎಂದು ಕೈಮುಗಿದಿದ್ದ. ಆದರೆ ಅದೇ ಹೊತ್ತಿಗೆ ಮುರುಗೆಪ್ಪ ತನ್ನ ಪಿಎಫ್ ಹಣವನ್ನೆಲ್ಲ ಹೆಂಡತಿ ಪಾರವ್ವನಿಗೆ ತಿಳಿಯದಂತೆ ಭಿಶಿ ಎಂಬ ಚೀಟಿಗೆ ಸುರಿದಿದ್ದ. ಚೀಟಿ ನಡೆಸುತ್ತಿದ್ದವನು ಎಲ್ಲರಿಗೂ ಟೋಪಿ ಹಾಕಿ ಓಡಿಹೋದ. ಹಣ ಎಲ್ಲಿ ಎಂದು ಪಾರವ್ವ ಕೇಳಿದಾಗ ಈ ಮಹಾಶಯನ ಬಾಯಿಗೆ ಬಂದದ್ದು ಒಂದೇ ಮಾತು: ವಕೀಲ ತಿಂದ.

ಪಾರವ್ವ ಅದನ್ನು ಹೊಟ್ಟೆಯಲ್ಲಿಟ್ಟುಕೊಳ್ಳುವ ಹೆಂಗಸಲ್ಲ. ಕನ್ನಡ ಸಂಘದ ಅರಿಶಿನ ಕುಂಕುಮಕ್ಕೆ ಬಂದವರಿಗೆಲ್ಲ ಹೇಳಿದಳು. ಸಂಘದವರು ತಮ್ಮ ಕೇಸುಗಳನ್ನು ಬೇರೆ ವಕೀಲರ ಹತ್ತಿರ ಒಯ್ದರು. ಮುರುಗೆಪ್ಪ ತೆಪ್ಪಗಿದ್ದ. ಪ್ರತಿ ತಾರೀಖಿಗೂ ಅದೇ ಹುಡುಗನ ಸ್ಕೂಟರಿನ ಹಿಂದೆ ಕೂತು ಕೋರ್ಟಿಗೆ ಹೋದ. ಕೂರುವಾಗ ಮೈಯೆಲ್ಲ ನಾಚಿಕೆ, ಆದರೂ ಕೂತ.

ಈಗ ಗೆದ್ದ ಖುಷಿಗೆ ಸಿದ್ಧೇಶ್ವರ ಪೇಢೆ ಹಿಡಿದು ಬಂದ. ಪಾರವ್ವ ಕೂರು ಎನ್ನಲಿಲ್ಲ. ನಿನ್ನ ಫೀಸು ಸರ್ಕಾರದಿಂದ ಪೂರ್ತಿ ನಮಗೆ ವಾಪಸ್ ಬರುತ್ತದೇನು ಎಂದು ನೇರವಾಗಿ ಕೇಳಿದಳು. ಹುಡುಗ ಮುರುಗೆಪ್ಪನನ್ನು ನೋಡಿದ. ಮುರುಗೆಪ್ಪ ನೆಲ ನೋಡಿದ. ಬರುವುದು ಕಷ್ಟ ಎಂದು ಹುಡುಗ ಮೆಲ್ಲಗೆ ಹೇಳಿದ.

"ಹಂಗಾದ್ರ ಅರ್ಧಾ ನೀನೇ ತಿರುಗಿ ಕೊಡು. ಮುದುಕನ ದುಡ್ಡು ತಿಂದ್ರ ದಕ್ಕೂದಿಲ್ಲಪಾ," ಎಂದಳು ಪಾರವ್ವ.

ಸಿದ್ಧೇಶ್ವರ ಆಗಲಿ ಎಂದು ತಲೆಯಾಡಿಸಿಬಿಟ್ಟ. ಅವನು ಜಗಳಕ್ಕೆ ನಿಂತಿದ್ದರೆ ಮುರುಗೆಪ್ಪ ಇನ್ನೊಂದು ಸುಳ್ಳು ಹೇಳಿ ಪಾರಾಗುತ್ತಿದ್ದನೋ ಏನೋ. ಆ ಒಪ್ಪಿಗೆಯನ್ನು ಮಾತ್ರ ತಡೆದುಕೊಳ್ಳಲಾಗಲಿಲ್ಲ.

"ಅವಗ ನಾ ಒಂದು ರೂಪಾಯಿನೂ ಕೊಟ್ಟಿಲ್ಲ. ಎಲ್ಲಾ ಭಿಶಿಯೊಳಗ ಹೋತು," ಎಂದ.

ಪಾರವ್ವ ಸೆರಗು ಬಾಯಿಗೊತ್ತಿಕೊಂಡು ಗೋಡೆಗೆ ಒರಗಿದಳು. ತಾನು ಯಾರ್ಯಾರಿಗೆ ಏನೇನು ಹೇಳಿದ್ದೆ ಎಂಬುದೆಲ್ಲ ಅವಳ ಮುಖದಲ್ಲಿ ಕಾಣುತ್ತಿತ್ತು. ಸಂಘದಲ್ಲಿ ಹಬ್ಬಿದ ಮಾತು ನಿನಗೆ ತಿಳಿದಿತ್ತೇ, ತಿಳಿದೂ ಯಾಕೆ ಸುಮ್ಮನಿದ್ದೆ ಎಂದು ಮುರುಗೆಪ್ಪ ತಡವರಿಸುತ್ತ ಹುಡುಗನನ್ನು ಕೇಳಿದ.

"ಮೊದಲೇ ಗೊತ್ತಿತ್ರಿ ಕಾಕಾ," ಎಂದ ಸಿದ್ಧೇಶ್ವರ. "ಕೇಳಿದ್ರ ನೀವು ನನ್ನ ಮುಖಾ ನೋಡಾಕ ನಾಚಿ ಕೇಸ್ ಬಿಡ್ತಿದ್ರಿ."

ಮುರುಗೆಪ್ಪನಿಗೆ ಆ ಮುಖವನ್ನು ಈಗಲೂ ನೋಡಲಾಗಲಿಲ್ಲ.